ಕಾದ ಕುಡುಗೋಲಿನ ಮಜ್ಜಿಗೆ

ಡಾಕ್ಟರು ಮಾತಾಡುತ್ತಿದ್ದಾಗ ತಾನು ಅರ್ಥವಾಗದ ಕಡೆಯೂ ತಲೆಯಾಡಿಸಿಬಿಟ್ಟೆ ಅನ್ನುವುದು ಶ್ರೀವಾಣಿಯ ಕೊರಗು. ಸಣ್ಣ ಕೊರಗೇ. ಡೈರಿಯಲ್ಲಿ ಅದನ್ನೊಂದು ಸಾಲು ಬರೆದಳು, ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು, ಇನ್ನೇನೂ ಬರೆಯದೆ ಡೈರಿಯನ್ನು ಬಟ್ಟೆಗಳ ಕೆಳಗೆ ತಳ್ಳಿದಳು. ಬಿಎಸ್ಸಿ ವೈವಾದಲ್ಲೂ ಅವಳದು ಇದೇ ಚಾಳಿ. ಎದುರಿಗಿರುವವರು ಬೇಗ ಮುಗಿಸಿ ಎದ್ದು ಹೋದರೆ ಸಾಕು ಅಂತ ಎಲ್ಲಕ್ಕೂ ಹೂಂಗುಟ್ಟುವುದು.

ಅರ್ಥವಾಗಿದ್ದ ಅರ್ಧವನ್ನು ಮಾತ್ರ ಅವಳು ಡೈರಿಗೂ ಹೇಳಲಿಲ್ಲ.

ಅವಳ ಅಪ್ಪ ಅಶ್ವತ್ಥಪ್ಪ ಮಾವಿಗೆ ಕಸಿ ಕಟ್ಟುವವನು. ರಾಯಲ್ಪಾಡಿನ ಹತ್ತಿರ ಕದಿರೇಶನ ನರ್ಸರಿಯಲ್ಲಿ ಕೆಲಸ. ಓಟೆಯಿಂದ, ಅಂದರೆ ಮಾವಿನ ಗೊರಟೆಯಿಂದ, ಎದ್ದ ಸಸಿಯ ನೆತ್ತಿ ಕತ್ತರಿಸಿ, ನಡುವೆ ಸೀಳಿ, ಆ ಸೀಳಿನೊಳಗೆ ಬಾದಾಮಿಯದೋ ಮಲ್ಲಿಕಾದೋ ಕುಡಿಯನ್ನು ಬೆಣೆ ಕೂರಿಸಿದ ಹಾಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುತ್ತಿದ್ದ. ಅವನು ಕಟ್ಟಿದ ಸಸಿ ಸಾಯಲ್ಲ ಅಂತ ಸುತ್ತಮುತ್ತ ಹೆಸರಿತ್ತು. ಮದನಪಲ್ಲಿ ಕಡೆಯವರೂ ಬಂದು 'ಅಶ್ವತ್ಥಪ್ಪ ಕಟ್ಟಿದ್ದೇ ಬೇಕು' ಅಂತ ಕೇಳಿ ಒಯ್ಯುತ್ತಿದ್ದರು. ಬಿಪಿ ಇತ್ತು, ನೆನಪಾದ ದಿನ ಮಾತ್ರೆ ನುಂಗುತ್ತಿದ್ದ. ಒಂದು ಬೆಳಿಗ್ಗೆ ನೆರಳುಪರದೆಯ ಕೆಳಗೆ ಕೂತಿದ್ದವನ ಕೈಯಿಂದ ಚಾಕು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಹಾಗೇ ಸಸಿಗಳ ಮೇಲೆ ಒರಗಿದ. 'ಮಾವ ತಮಾಷೆ ಮಾಡ್ತಾವ್ನೆ ಅಂದ್ಕೊಂಡು ನಗ್ತಾ ನಿಂತಿದ್ದೆ' ಅಂತ ಕದಿರೇಶ ಆಮೇಲೆ ಎಷ್ಟೋ ಸಲ ಹೇಳಿಕೊಂಡು ಕಣ್ಣೊರೆಸಿಕೊಂಡ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಗಿಲಿಗೆ ಬಂದು, "ಈ ಪೇಷೆಂಟ್ ಕಡೆಯವರಲ್ಲಿ ಓದಿದೋರು ಯಾರಿದೀರಾ?" ಅಂದಾಗ ದೊಡ್ಡಗಂಗಮ್ಮ ಹಿಂದಿನಿಂದ ಸೊಸೆಯನ್ನು ತಳ್ಳಿದಳು. ದೊಡ್ಡಗಂಗಮ್ಮ ಅಶ್ವತ್ಥಪ್ಪನ ಅಕ್ಕ, ಶ್ರೀವಾಣಿಗೆ ಸೋದರತ್ತೆ. ತಾಯಿಯಿಲ್ಲದ ಮಗುವನ್ನು ಸಾಕಿ, ಓದಿಸಿ, ಊರವರ ಮುಂದೆ ಅದರ ಪಾಲಿನ ಮಾತನ್ನೂ ತಾನೇ ಆಡಿ ಬೆಳೆಸಿದವಳು. "ಹೋಗೇ, ನೋರು ಲೇದಾ ನೀಕು? ಬಾಯಿಲ್ವಾ? ನಮ್ ವಾಣಿ ಬಿಎಸ್ಸಿ ಮೇಡಂ, ಇದೇ ಓದವ್ಳೆ, ರಕ್ತ ಗಿಕ್ತ ಎಲ್ಲಾ."

ಡಾಕ್ಟರಮ್ಮ ಒಳಗೆ ಕೂರಿಸಿಕೊಂಡು ಸ್ಕ್ಯಾನ್ ಫಿಲಂ ಬೆಳಕಿಗೆ ಹಿಡಿದರು. ಬೂದುಬಣ್ಣದ ನಡುವೆ ಎಡಗಡೆ ಒಂದು ಬಿಳೀ ಮಚ್ಚೆ.

"ನೋಡಮ್ಮ, ಬಂದ ದಿನ ಇಷ್ಟಿತ್ತು. ರಕ್ತನಾಳ ಒಡೆದು ಒಳಗೇ ರಕ್ತ ಚೆಲ್ಲಿದೆ. ಅದಕ್ಕೆ ಆಚೆ ಹೋಗೋಕೆ ದಾರಿಯಿಲ್ಲ, ಕೂತಲ್ಲೇ ಒಡೀತದೆ. ಒಡೆದಾಗ ರಕ್ತಕಣದೊಳಗಿನ ಕಬ್ಬಿಣ ಬಿಡಿಯಾಗಿ ಬರ್ತದೆ. ಕಬ್ಬಿಣ ಇಲ್ದೆ ಮಿದುಳು ಬದುಕಲ್ಲ. ಆದ್ರೆ ಬಿಡಿ ಕಬ್ಬಿಣ ಅದಕ್ಕೆ ವಿಷ, ನರಗಳನ್ನ ಸುಡ್ತದೆ. ಅದಕ್ಕೇ ಮಿದುಳು ಕಾವಲು ಇಟ್ಕೊಂಡಿದೆ. ಕೆಲವು ಕೋಶಗಳು ಆ ಕಬ್ಬಿಣ ನುಂಗಿ, ಫೆರಿಟಿನ್ ಅನ್ನೋ ಡಬ್ಬಿಯೊಳಗೆ ಹಾಕಿ ಮುಚ್ತವೆ. ಫೆರಿಟಿನ್ ಓದಿದೀಯಲ್ಲ?"

ಓದಿದ್ದಳು. ಪರೀಕ್ಷೆಯಲ್ಲಿ ಬರೆದೂ ಇದ್ದಳು. ತಲೆಯಾಡಿಸಿದಳು.

"ಒಂದೇ ಸಲ ಇಷ್ಟು ಕಬ್ಬಿಣ ಬಿದ್ರೆ ಡಬ್ಬಿ ಸಾಲಲ್ಲ. ಮುಚ್ಚೋಷ್ಟರಲ್ಲಿ ಅಕ್ಕಪಕ್ಕ ಕೆಟ್ಟಿರ್ತದೆ. ಇದು ನಿನ್ನೆ ತೆಗೆದ ಫಿಲಂ. ಸುತ್ತ ಊತ ನೋಡು. ಕೈಗೆ ಹೋಗೋ ನರದ ದಾರಿ ಇಲ್ಲೇ ಇರೋದು." ಬೆರಳು ಅಲ್ಲೇ ನಿಂತಿತು. "ಕಾಲು ಒಂದಷ್ಟು ಬರಬಹುದು, ಕೋಲು ಹಿಡಿದು ಓಡಾಡ್ತಾರೆ. ಮಾತೂ ಸುಧಾರಿಸ್ತದೆ. ಬಲಗೈ ಮೇಲೆ ಆಸೆ ಇಟ್ಕೋಬೇಡಿ. ಭುಜ ಆಡ್ಬಹುದು, ಬೆರಳಿನ ಕೆಲಸ ಬರಲ್ಲ. ಇನ್ನೊಂದು ಮಾತು. ಬಿಪಿ ಮಾತ್ರೆ ನಿಲ್ಲಿಸಿದ್ರೆ ಮತ್ತೆ ಒಡೀಬಹುದು. ಎರಡನೇ ಸಲ ಒಡೆದ್ರೆ ಮನುಷ್ಯ ಉಳಿಯೋದು ಕಷ್ಟ. ಮನೆಯವರಿಗೆ ನೀನೇ ಮೆಲ್ಲಗೆ ಹೇಳಮ್ಮ, ನಿನಗೆ ತಿಳೀತದೆ."

"ಹೂಂ ಮೇಡಂ."

ಹೊರಗೆ ಬೆಂಚಿನ ಮೇಲೆ ದೊಡ್ಡಗಂಗಮ್ಮ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲೇ ಚಕ್ರದ ಮಂಚದ ಮೇಲೆ ಅಶ್ವತ್ಥಪ್ಪ. ಬಾಯಿ ಒಂದು ಕಡೆಗೆ ಜಗ್ಗಿತ್ತು, ಕಣ್ಣು ಮಾತ್ರ ನೆಟ್ಟಗೆ ಮಗಳನ್ನೇ ನೋಡುತ್ತಿತ್ತು. ಅತ್ತೆ ಕೇಳಿದಳು, "ಏಮಂದೇ ಆಯಮ್ಮ? ಏನಂದ್ರು?"

"ಸರಿಹೋಗ್ತದಂತೆ ಅತ್ತೆ. ನಿಧಾನಕ್ಕೆ."

"ಕೈ?"

ಶ್ರೀವಾಣಿ ಅಪ್ಪನ ಕಡೆ ನೋಡಬಾರದಿತ್ತು, ನೋಡಿದಳು. "ಅದೂ ಬರ್ತದಂತೆ."

ಅಷ್ಟೇ. ದೊಡ್ಡಗಂಗಮ್ಮ ಅಳು ನಗು ಎರಡನ್ನೂ ಒಟ್ಟಿಗೆ ಮಾಡಿ, ವಾರ್ಡಿನವರಿಗೆಲ್ಲ ಕೇಳುವ ಹಾಗೆ ಇರೋಬರೋ ದೇವರಿಗೆಲ್ಲ ಹರಕೆ ಹೊತ್ತು, ಕ್ಯಾಂಟೀನಿಗೆ ಓಡಿದಳು. ಅಪ್ಪ ಎಡಗೈ ಚಾಚಿ ಮಗಳ ಮಣಿಕಟ್ಟು ಹಿಡಿದುಕೊಂಡ. ಬಿಡಲೇ ಇಲ್ಲ.

*

ಮನೆಗೆ ಬಂದ ಮೇಲೆ ದೊಡ್ಡಗಂಗಮ್ಮನ ವೈದ್ಯ ಶುರುವಾಯಿತು. ಅವಳ ಲೆಕ್ಕಾಚಾರ ನೇರವಾಗಿತ್ತು. ತಲೆಯಲ್ಲಿ ರಕ್ತ ಸೋರಿಹೋಗಿದೆ ಅಂತ ಡಾಕ್ಟರೇ ಹೇಳಿದ್ದಾರೆ. ಸೋರಿಹೋದದ್ದನ್ನು ತುಂಬಬೇಕು. ರಕ್ತ ಅಂದರೆ ಕಬ್ಬಿಣ. ಕಬ್ಬಿಣ ತುಂಬಿದರೆ ಕೈ ತಾನಾಗಿ ಎದ್ದೇಳುತ್ತದೆ.

ದಿನಾ ಬೆಳಿಗ್ಗೆ ಒಲೆಯ ಕೆಂಡದಲ್ಲಿ ಕುಡುಗೋಲು ಹೂಳುವಳು. ಅದು ಕೆಂಪಗೆ ಕಾದ ಮೇಲೆ ಹಿಡಿಗೆ ಒದ್ದೆಬಟ್ಟೆ ಸುತ್ತಿ ಎತ್ತಿ, ಮಜ್ಜಿಗೆ ಚೊಂಬಿಗೆ ಅದ್ದುವಳು. ಚೊಂಯ್ ಅಂತ ಸದ್ದು, ಹುಳಿ ಸುಟ್ಟ ವಾಸನೆ, ಮಜ್ಜಿಗೆ ಮೇಲೆ ಬೂದುಬಣ್ಣದ ನೊರೆ. ಆ ಮಜ್ಜಿಗೆಯನ್ನು ತಮ್ಮನ ಜಗ್ಗಿದ ಬಾಯಿಗೆ ಚಮಚದಲ್ಲಿ ಹಾಕುತ್ತಾ, ಕೆನ್ನೆ ಮೇಲೆ ಇಳಿದದ್ದನ್ನು ಸೆರಗಿನಲ್ಲಿ ಒರೆಸುತ್ತಾ, "ತಾಗು ನಾಯ್ನಾ, ಕುಡಿ, ಇದು ಕೈಗೆ, ಇದು ಬೆರಳಿಗೆ" ಅನ್ನುವಳು. ಮಧ್ಯಾಹ್ನ ಕುರಿಯ ಈಲಿ, ಅದೇ ಲಿವರು. ಸಂಜೆ ನುಗ್ಗೆಸೊಪ್ಪು. ನಡುವೆ ಮೆಡಿಕಲ್ ಶಾಪಿನ ಟಾನಿಕ್ಕು.

ಅವಳನ್ನು ನೋಡಿ ನಗುವ ಹಾಗಿರಲಿಲ್ಲ. ಶ್ರೀವಾಣಿಯ ಅಮ್ಮ ಇವಳನ್ನು ಹೆತ್ತು ಬಾಣಂತಿ ಮಂಚದ ಮೇಲೇ ಬೆಳ್ಳಗಾಗಿ ತೀರಿಹೋಗಿದ್ದಳು. 'ಮೈಯಲ್ಲಿ ರಕ್ತವೇ ಇರಲಿಲ್ಲ, ಮೊದಲೇ ಕಬ್ಬಿಣದ ಮಾತ್ರೆ ಕೊಡಬೇಕಿತ್ತು' ಅಂದಿದ್ದಳು ನರ್ಸು. ಆ ಮಾತು ದೊಡ್ಡಗಂಗಮ್ಮನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಆ ಮೊಳೆಯ ಭಯಕ್ಕೇ ಶ್ರೀವಾಣಿಗೆ ಮೈನೆರೆದಾಗಿನಿಂದ ಕುಡುಗೋಲಿನ ಮಜ್ಜಿಗೆ ಕುಡಿಸಿದ್ದಳು. ಅವಳಿಗೆ ಅದು ಒಗ್ಗಿತ್ತು ಕೂಡ. ಗಂಡುಮಕ್ಕಳ ಮುಂದೆ ಬಾಯಿ ಬಿಡದ ಸೊಸೆ ಮಜ್ಜಿಗೆಗೆ ಮಾತ್ರ ಬಾಯಿ ಬಿಡ್ತಾಳೆ ಅಂತ ಅತ್ತೆ ಆಡಿಕೊಳ್ಳುತ್ತಿದ್ದಳು.

ಈಗ ಆ ಚೊಂಯ್ ಸದ್ದಾದಾಗಲೆಲ್ಲ ಶ್ರೀವಾಣಿಗೆ ಫಿಲಂ ಮೇಲೆ ನಿಂತ ಬೆರಳು ಕಾಣುತ್ತಿತ್ತು. ಹಿತ್ತಿಲಲ್ಲಿ ಸಿಗ್ನಲ್ ಸಿಗುವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಓದಿದಳು. ಓದುವುದು ಅವಳಿಗೆ ಬರುತ್ತಿತ್ತು, ಹೇಳುವುದಷ್ಟೇ ಬರುತ್ತಿರಲಿಲ್ಲ. ಕಬ್ಬಿಣ ಕೋಶಕ್ಕೆ ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಇನ್ನೊಂದು. ಮೈಯಲ್ಲಿ ಉರಿಯೂತ ಎದ್ದಾಗ ಹೆಪ್ಸಿಡಿನ್ ಅನ್ನುವುದೊಂದು ಹೆಚ್ಚಾಗಿ ಹೊರಬಾಗಿಲನ್ನು ಮುಚ್ಚುತ್ತದೆ. ಕಬ್ಬಿಣ ಒಳಗೇ ಅವಿತುಕೊಳ್ಳುತ್ತದೆ. ಮಿದುಳಿನಲ್ಲೂ ಹೆಪ್ಸಿಡಿನ್ ತಯಾರಾಗುತ್ತದೆ; ಅದರಿಂದ ಮಿದುಳಿಗೆ ಒಳ್ಳೆಯದಾಗುತ್ತದೋ ಕೆಟ್ಟದ್ದೋ, ಯಾವ ಹೊತ್ತಿನಲ್ಲಿ ಯಾವುದು, ಅದನ್ನು ಇನ್ನೂ ಹುಡುಕುತ್ತಿದ್ದಾರೆ. ಕೊನೆಗೆ ಒಡೆದ ಜಾಗದಲ್ಲಿ ತುಕ್ಕಿನ ಬಣ್ಣದ ಒಂದು ಕಲೆ ಉಳಿಯುತ್ತದೆ, ಬದುಕಿರುವವರೆಗೂ. ಚೊಂಬಿನ ಮಜ್ಜಿಗೆ ಅಲ್ಲಿಯವರೆಗೆ ಹೋಗುತ್ತದೆಯೇ ಅಂದರೆ ಅದಕ್ಕೆ ಯಾರೂ ನೇರವಾಗಿ ಉತ್ತರ ಬರೆದಿರಲಿಲ್ಲ. ಬಹುಶಃ ಏನೂ ಆಗದು. ಆದರೆ ತಲೆಯೊಳಗೆ ಕಬ್ಬಿಣ ಚೆಲ್ಲಿಕೊಂಡು ಮಲಗಿರುವವನ ಬಾಯಿಗೆ ಇನ್ನಷ್ಟು ಕಬ್ಬಿಣ ಸುರಿಯುವುದನ್ನು ಅವಳಿಂದ ನೋಡಲಾಗಲಿಲ್ಲ.

ಹಾಗಾಗಿ ತನಗೆ ಬರುವ ದಾರಿ ಹಿಡಿದಳು. "ನೀವು ಸ್ನಾನಕ್ಕೆ ಹೋಗಿ ಅತ್ತೆ, ನಾನು ಕುಡಿಸ್ತೀನಿ" ಅಂದು ಚೊಂಬು ಇಸಕೊಂಡು, ಅರ್ಧ ಮಜ್ಜಿಗೆ ಕರಿಬೇವಿನ ಬುಡಕ್ಕೆ ಸುರಿದು, ಬೇರೆ ಮಜ್ಜಿಗೆ ಬೆರೆಸಿ ಕುಡಿಸತೊಡಗಿದಳು.

ಸಿಕ್ಕಿಬೀಳಲು ಹೆಚ್ಚು ದಿನ ಬೇಕಾಗಲಿಲ್ಲ. ಅತ್ತೆ ಒದ್ದೆಕೂದಲಲ್ಲೇ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

"ಏನೇ ಅದು?"

"ಕೈ ಜಾರ್ತು ಅತ್ತೆ."

"ಜಾರ್ತಾ? ಗಿಡದ ಬುಡಕ್ಕೆ ಸರಿಯಾಗಿ ಜಾರ್ತಾ?" ದೊಡ್ಡಗಂಗಮ್ಮ ಹತ್ತಿರ ಬಂದು ಚೊಂಬನ್ನು ಕಿತ್ತುಕೊಂಡಳು. "ನಿಮ್ಮಮ್ಮನ್ನೂ ಹಿಂಗೇ ಕಳ್ಕೊಂಡೆ ನಾನು. ಆವತ್ತು ನಂಗೆ ಗೊತ್ತಿರ್ಲಿಲ್ಲ. ಇವತ್ತು ಗೊತ್ತಿದ್ದೂ ಬಿಟ್ಟೇನಾ? ಯಾರ್ ರಕ್ತನೇ ಚೆಲ್ತಿದೀಯಾ ನೀನು, ನಿಮ್ಮಪ್ಪಂದೇ ಕಣೇ."

ಹೇಳಲು ಅದೊಂದು ಗಳಿಗೆ ಇತ್ತು. ಶ್ರೀವಾಣಿ "ತಪ್ಪಾಯ್ತು" ಅಂದು ಒಳಗೆ ಹೋದಳು.

*

ಕದಿರೇಶ ಒಂದು ಸಂಜೆ ಬಂದ. ಜಗಲಿಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದ ಅಶ್ವತ್ಥಪ್ಪನ ಎದುರು ಕುಕ್ಕರಗಾಲಲ್ಲಿ ಕೂತ.

"ಏನ್ ಮಾವ, ಬಲಗೈ ರಜಾ ಹಾಕ್ಯದಂತೆ? ನಾನು ರಜಾ ಕೊಟ್ಟೇ ಇಲ್ವಲ್ಲ."

ಅಪ್ಪ ನಕ್ಕ. ನಗು ಅರ್ಧ ಮುಖಕ್ಕೆ ಮಾತ್ರ ಬಂತು.

"ಮಳೆ ಹಿಡಿಯೋ ಹೊತ್ಗೆ ಬಂದ್ಬಿಡು. ಮೊನ್ನೆ ಒಬ್ಬ ಹೊಸಬನ್ನ ಇಟ್ಟೆ. ಏನ್ಲಾ ಇದು ಕಸಿನಾ, ಕಾಲ್ ಮುರಿದ ಕೋಳಿಗೆ ಕಟ್ಟಿದ್ ಪಟ್ಟಿನಾ ಅಂತ ಕೇಳ್ದೆ. ನಿನ್ ಜಾಗ ಯಾರ್ಗೂ ಕೊಡಲ್ಲ ಮಾವ. ಬತ್ತೀಯಲ್ಲ?"

"ಬ... ಬತ್ತೀನಿ," ಅಂದ ಅಶ್ವತ್ಥಪ್ಪ. ಮಾತು ನಾಲಿಗೆ ಮೇಲೆ ಉರುಳಿ ಉರುಳಿ ಬರುತ್ತಿತ್ತು. "ಮಗ್ಳು... ಹೇಳವ್ಳೆ."

ಶ್ರೀವಾಣಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು. ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳನ್ನು ಬಿಡಿಸಿ, ಅದರ ನಡುವೆ ಪ್ಲಾಸ್ಟಿಕ್ ಪಟ್ಟಿಯ ತುಂಡೊಂದನ್ನು ಸಿಕ್ಕಿಸಿದ. ಅದು ಬಿತ್ತು. ಮತ್ತೆ ಸಿಕ್ಕಿಸಿದ. ದಿನಾ ಇದೇ ನಡೆಯುತ್ತಿತ್ತು. ಬಿದ್ದಾಗಲೆಲ್ಲ ಅವನಿಗೆ ಬೇಸರವಿಲ್ಲ. ಬರುವುದು ಗ್ಯಾರಂಟಿ ಇರುವ ಬಸ್ಸಿಗೆ ಕಾಯುವವನ ಹಾಗೆ ಕಾಯುತ್ತಿದ್ದ.

ಮಳೆಗಾಲ ಹತ್ತಿರ ಬಂದರೂ ಕೈ ಅಲುಗಲಿಲ್ಲ. ದೊಡ್ಡಗಂಗಮ್ಮ ಊರ ನರ್ಸಿನಿಂದ ತಮ್ಮನ ರಕ್ತ ತೆಗೆಸಿ, ಸೊಸೆಯನ್ನು ಕರೆದುಕೊಂಡು ಶ್ರೀನಿವಾಸಪುರಕ್ಕೆ ಒಯ್ದು ಪರೀಕ್ಷೆ ಮಾಡಿಸಿದಳು. ಲ್ಯಾಬಿನವನು ಚೀಟಿ ಕೊಟ್ಟು, "ಐರನ್ ಕಡಿಮೆ ಇದೆ ಅಜ್ಜಿ" ಅಂದ. ಅವಳು ಗೆದ್ದವಳ ಹಾಗೆ ಸೊಸೆಯತ್ತ ತಿರುಗಿದಳು. "ಕೇಳಿಸ್ತಾ ಬಿಎಸ್ಸಿ? ಕರಿಬೇವಿನ ಗಿಡಕ್ಕೆ ಎಷ್ಟದೆ ಅಂತಾನೂ ಟೆಸ್ಟ್ ಮಾಡ್ಸೋಣ."

ಶ್ರೀವಾಣಿ ಚೀಟಿ ನೋಡಿದಳು. ರಕ್ತದಲ್ಲಿ ಹರಿಯುವ ಕಬ್ಬಿಣ ಕಡಿಮೆ, ನಿಜ. ಅದರ ಕೆಳಗಿನ ಸಾಲಿನಲ್ಲಿ ಫೆರಿಟಿನ್ ಹೆಚ್ಚು. ಕಡಿಮೆಯಾಗಿದ್ದಲ್ಲ, ಮೈ ಅದನ್ನು ಬಚ್ಚಿಟ್ಟುಕೊಂಡಿತ್ತು. ಮಲಗಿ ಮಲಗಿ ಅಪ್ಪನ ಬೆನ್ನ ಮೇಲೆ ಹುಣ್ಣು, ಮೇಲಿಂದ ಮೇಲೆ ಜ್ವರ. ಅದಕ್ಕೆ ಹೆದರಿದ ಮೈ ಬಾಗಿಲು ಹಾಕಿಕೊಂಡು ಕೂತಿತ್ತು. ಅವಳು ಬೆರಳನ್ನು ಆ ಸಾಲಿನ ಮೇಲಿಟ್ಟು, "ಅತ್ತೆ, ಇಲ್ಲಿ..." ಅಂದಳು. ಅತ್ತೆ ಆಗಲೇ ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತಿದ್ದಳು.

ಆ ಬಸ್ಸಿನಲ್ಲೇ ಯಾರೋ ಹೆಂಗಸು ದೊಡ್ಡಗಂಗಮ್ಮನಿಗೆ ಗಡಿಯಾಚೆಯ ಒಂದು ಊರು ಹೇಳಿದಳು. ಅಲ್ಲೊಬ್ಬ ನಾಟಿ ವೈದ್ಯ. ಕಬ್ಬಿಣದ ಭಸ್ಮ ಜೇನಿನಲ್ಲಿ ಕಲಸಿ ನೆಕ್ಕಿಸುತ್ತಾನೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಅವನ ಗುಡಿಸಲಿನಲ್ಲೇ ಇರಬೇಕು, ಓದಿದವರನ್ನು ಒಳಗೆ ಬಿಡುವುದಿಲ್ಲ. ಬಿದ್ದುಹೋದ ಕೈಯಿಂದಲೇ ರೋಗಿ ತಾನು ಉಂಡ ಎಲೆ ಎತ್ತಿಕೊಂಡು ಎದ್ದು ಬರುತ್ತಾನಂತೆ. ಪಥ್ಯ ಒಂದೇ: ಇಂಗ್ಲಿಷ್ ಮಾತ್ರೆ ಮುಟ್ಟಬಾರದು. ಹೊರಡುವ ಮುಂಚೆ ಮನೆಯ ಹೆಣ್ಣುಮಗಳೇ ಆ ಮಾತ್ರೆಗಳನ್ನು ಊರ ಕೆರೆಗೆ ಬಿಟ್ಟು ಬರಬೇಕು, ಆಗಲೇ ಭಸ್ಮ ಹಿಡಿಯುವುದು.

*

ಹೊರಡುವ ದಿನ ಬೆಳಿಗ್ಗೆ ಅದೇ ಊರಿನ ಆಂಜಿಯ ಬಾಡಿಗೆ ಆಟೋ ಮನೆ ಮುಂದೆ ಬಂದು ನಿಂತಿತು. ಆಂಜಿ ಇಂಜಿನ್ ಆರಿಸದೆ ಕೂಗಿದ, "ದೊಡ್ಡಮ್ಮೋ, ಬಿಸಿಲೇರ್ತದೆ. ಮಾವನ್ನ ಹೊರಡ್ಸು. ವಾಪಸ್ ಬರ್ವಾಗ ಆಟೋ ಅವ್ನೇ ಓಡಿಸ್ಕೊಂಡ್ ಬರ್ತಾನೆ, ನಾನ್ ಹಿಂದೆ ಮಲಿಕ್ಕೊಂಡ್ ಬರ್ತೀನಿ."

ಅಕ್ಕಪಕ್ಕದವರು ನಕ್ಕರು. ನಾಲ್ಕು ಜನ ಹಿಡಿದು ಅಶ್ವತ್ಥಪ್ಪನನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ಕ್ಷೌರ ಮಾಡಿಸಿಕೊಂಡಿದ್ದ, ಬಿಳೀ ಅಂಗಿ ಹಾಕಿಸಿಕೊಂಡಿದ್ದ. ಮದುವೆಗೆ ಹೊರಟವನ ಹಾಗಿದ್ದ.

ದೊಡ್ಡಗಂಗಮ್ಮ ಮಾತ್ರೆಗಳ ಕವರನ್ನು ಶ್ರೀವಾಣಿಯ ಕೈಗೆ ಕೊಟ್ಟಳು. "ಓಡು, ಕೆರೆಗೆ ಹಾಕ್ಬಿಟ್ಟು ಬಾ. ಹಿಂದೆ ತಿರುಗಿ ನೋಡ್ಬೇಡ."

ಶ್ರೀವಾಣಿ ಕವರು ಹಿಡಿದು ನಿಂತಳು. ರಾತ್ರಿಯೆಲ್ಲ ಅವಳು ಕಳ್ಳದಾರಿಗಳನ್ನೇ ಹುಡುಕಿದ್ದಳು. ಮಾತ್ರೆ ಪುಡಿ ಮಾಡಿ ಮುದ್ದೆಯಲ್ಲಿ ಸೇರಿಸಬಹುದು. ಆದರೆ ಮುದ್ದೆ ಮಾಡಿಕೊಡಲು ತಾನು ಅಲ್ಲಿರುವುದಿಲ್ಲ. ಅತ್ತೆಯ ಚೀಲದೊಳಗೆ ಬಚ್ಚಿಡಬಹುದು, ನುಂಗಿಸುವವರು ಯಾರು? ಡಾಕ್ಟರಿಗೆ ಫೋನ್ ಮಾಡಿ ಅತ್ತೆಯ ಕಿವಿಗೆ ಹಿಡಿಯಬಹುದು. ಡಾಕ್ಟರು ಮೊದಲು ಕೇಳುವುದೇ 'ನಿಮ್ಮ ಹುಡುಗಿಗೆ ಎಲ್ಲ ಹೇಳಿ ಕಳಿಸಿದ್ದೆನಲ್ಲ' ಅಂತ. ಸದ್ದಿಲ್ಲದೆ ಮಾಡಬಹುದಾದ ಕೆಲಸ ಒಂದೂ ಉಳಿದಿರಲಿಲ್ಲ.

"ಅತ್ತೆ, ಮಾತ್ರೆ ನಿಲ್ಸಿದ್ರೆ ಬಿಪಿ ಏರ್ತದೆ," ಅಂದಳು. ಧ್ವನಿ ಆಟೋ ಸದ್ದಿನಲ್ಲಿ ಮುಳುಗಿತು.

"ಏನಂದೆ?"

"ಬಿಪಿ..."

"ಬಿಪಿ ಯಾರ್ಗಿಲ್ಲ? ನಂಗಿಲ್ವಾ?" ದೊಡ್ಡಗಂಗಮ್ಮನಿಗೆ ಕೋಪ ಬರಲಿಲ್ಲ. ಹತ್ತಿರ ಬಂದು ಸೊಸೆಯ ಕೆನ್ನೆ ಸವರಿದಳು. ಆ ಕೈಗೆ ಸುಟ್ಟ ಕಬ್ಬಿಣದ ವಾಸನೆಯಿತ್ತು. "ಹೆದ್ರುಕೋಬೇಡ ಅಮ್ಮಣ್ಣಿ. ಕೈ ಬರ್ತದೆ ಅಂತ ದೊಡ್ ಡಾಕ್ಟ್ರೇ ಹೇಳವ್ರೆ, ನೀನೇ ತಾನೆ ಬಂದು ಹೇಳಿದ್ದು? ಬರೋದೇ ಅಂತ ಗೊತ್ತಾದ್ಮೇಲೆ ಒಂದೆಜ್ಜೆ ಬೇಗ ಬರ್ಲಿ ಅಂತ. ಅದೂ ಹೇಳ್ದೆ ಹೋಗಿದ್ರೆ ನಾನ್ಯಾಕೆ ಇವನನ್ನ ಅಷ್ಟು ದೂರ ಎಳ್ಕೊಂಡು ಹೋಗ್ತಿದ್ದೆ? ಇಲ್ಲೇ ಗಂಜಿ ಕುಡಿಸ್ಕೊಂಡು ಕೂತ್ಕೊಂತಿದ್ದೆ."

ಆಟೋದೊಳಗಿಂದ ಅಪ್ಪ ಕರೆದ. ಶ್ರೀವಾಣಿ ಹೋಗಿ ಬಗ್ಗಿದಳು. ಅವನು ಎಡಗೈಯಿಂದ ಅವಳ ಕೈಯಲ್ಲಿದ್ದ ಕವರು ಮುಟ್ಟಿ, ಕೆರೆಯ ಕಡೆಗೆ ತಳ್ಳುವ ಹಾಗೆ ಬೆರಳು ತೋರಿಸಿದ.

"ಹಾಕ್... ಹಾಕ್ಬಿಡು. ಮಾತ್ರೆ ಬ್ಯಾಡ." ಉಸಿರು ತೆಗೆದುಕೊಂಡ. "ಕುಡಿ... ಒಣಗ್ತದೆ. ಮಳೆ ಬಂತು. ಹೋದ್ರೆ... ಬೇಗ ಬರ್ತೀನಿ."

ಕುಡಿ ಅಂದದ್ದು ಕದಿರೇಶನ ನರ್ಸರಿಯಲ್ಲಿ ಕತ್ತರಿಸಿ ಒದ್ದೆಗೋಣಿಯಲ್ಲಿ ಸುತ್ತಿಟ್ಟ ಕಸಿಯ ಕುಡಿಗಳು. ಅವನಿಗೆ ಅದರ ಚಿಂತೆ. ತಾನು ಹೋಗದಿದ್ದರೆ ಅವನ್ನು ಹೊಸಬ ಹಾಳು ಮಾಡುತ್ತಾನೆ ಅನ್ನುವ ಚಿಂತೆ. ಅದಕ್ಕಾಗಿ ಅವನು ಮಾತ್ರೆ ಬಿಡಲು ಸಿದ್ಧ, ಒಂದು ಮಂಡಲ ಗುಡಿಸಲಿನಲ್ಲಿ ಬೂದಿ ನೆಕ್ಕಲು ಸಿದ್ಧ. ಅವನ ಮುಖದ ಆಡುವ ಅರ್ಧದಲ್ಲಿ ಆಸೆ ಹೊಳೆಯುತ್ತಿತ್ತು. ಆ ಹೊಳಪು ತಾನು ಹಚ್ಚಿದ್ದು. ತಾನೇ ಆರಿಸಬೇಕು. ಆರಿಸದಿದ್ದರೆ ಅದು ಗಡಿಯಾಚೆ ಎಲ್ಲೋ, ಗೊತ್ತಿಲ್ಲದವರ ಚಾಪೆಯ ಮೇಲೆ, ಅವನ ಜೊತೆಗೇ ಆರುತ್ತದೆ.

"ಹೊರಡ್ಲಾ?" ಆಂಜಿ ಗೇರು ಹಾಕಿದ.

ಶ್ರೀವಾಣಿ ಮುಂದಕ್ಕೆ ಬಗ್ಗಿ ಆಟೋದ ಕೀ ತಿರುಗಿಸಿ ಇಂಜಿನ್ ಆರಿಸಿದಳು. "ಏಮೇ, ಪಿಚ್ಚಾ ನೀಕು? ಹುಚ್ಚೇನೇ?" ಅಂತ ದೊಡ್ಡಗಂಗಮ್ಮ ಮುಂದೆ ಬಂದಳು. ಬೀದಿಯ ಅಷ್ಟೂ ಜನ ತನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಶ್ರೀವಾಣಿಗೆ ಗೊತ್ತಾಯಿತು. ಅವಳು ಅಪ್ಪನ ಬಲಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಣ್ಣಗಿತ್ತು, ಒದ್ದೆ ಬಟ್ಟೆಯಷ್ಟು ಭಾರವಿತ್ತು. ಈ ಸಲ ಅವಳು ಅಪ್ಪನ ಕಣ್ಣನ್ನು ನೋಡಿಯೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಈ ಕೈ ಬರಲ್ಲ ಅಪ್ಪ. ಬರಲ್ಲ ಅಂತಲೇ ಡಾಕ್ಟರು ನನಗೆ ಹೇಳಿದ್ದು."